ಬಲಮೂಲೆಯ ಮಸುಕು

ವಸಿಲಿಕಿ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಪಕ್ಕದ ಮನೆಯ ಅವಳ ನಿಂಬೆಗಿಡ ಬೇಲಿ ದಾಟಿ ನಮ್ಮ ಹಿತ್ತಲಿಗೆ ಬಾಗಿತ್ತು. ನನ್ನ ಗಂಡ ರಾಸ್ ಕೊಂಬೆ ಸವರಿ ಬರುತ್ತೇನೆಂದು ಗರಗಸ ಹಿಡಿದು ಹೋದವನು ಗಿಡಕ್ಕೆ ಕ್ಷೌರವನ್ನೇ ಮಾಡಿ ಬಂದ. ಅಂದಿನಿಂದ ಅವಳು ನನಗೆ ಏನು ಹೇಳಬೇಕಿದ್ದರೂ ತನ್ನ ಟೊಮೇಟೊ ಗಿಡಗಳಿಗೆ ಹೇಳುತ್ತಿದ್ದಳು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

“ನೀವೇ ವಾಸಿ ಕಣ್ರೋ. ನಿಮಗೆ ಗಂಡನೂ ಇಲ್ಲ, ಗರಗಸನೂ ಇಲ್ಲ.”

ಅದಕ್ಕೂ ಮುಂಚೆ ಎಷ್ಟೋ ವರ್ಷ ಪ್ರತಿ ಶನಿವಾರ ಬೇಲಿಯ ಆಚೆ ಈಚೆ ನಿಂತು ಹರಟಿದ್ದೆವು. ಏನು ಹರಟುತ್ತಿದ್ದಿರಿ ಎಂದರೆ ಹೇಳಲಾರೆ. ಗಂಡಂದಿರ ಗೊರಕೆ, ಮೊಣಕಾಲು ನೋವು, ಓಕ್ಲಿ ಪೇಟೆಯ ಬೇಕರಿಯಲ್ಲಿ ಬ್ರೆಡ್ಡಿನ ರುಚಿ ಕೆಟ್ಟದ್ದು. ಅದು ನಿಂತುಹೋದ ಮೇಲೆ ಗೊತ್ತಾಯಿತು, ವಾರವೆಲ್ಲ ನನಗೆ ಆಗುತ್ತಿದ್ದ ಸಣ್ಣಪುಟ್ಟದ್ದೆಲ್ಲ ಶನಿವಾರ ಅವಳಿಗೆ ಹೇಳಲೆಂದೇ ಆಗುತ್ತಿತ್ತು. ಈಗ ಏನಾದರೂ ಆದರೆ ಅದನ್ನು ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ.

ಆ ಮಾರ್ಚ್‌ನಲ್ಲಿ ಹಳೇ ಕ್ಯಾಮೆರಾಗಳ ಸಂತೆಯಲ್ಲಿ ಒಂದು ಲೆನ್ಸ್ ಕೊಂಡೆ. ಮಾರಿದ ಮುದುಕ, “ಮುಂದಿನ ಭಾನುವಾರಾನೂ ಇಲ್ಲೇ ಇರ್ತೀನಿ. ಹಿಡಿಸದಿದ್ರೆ ವಾಪಸ್ ತನ್ನಿ. ಮೊದಲು ಒಂದು ಗೋಡೆ ತೆಗೆದು ನೋಡಿ” ಎಂದ.

ಲೆನ್ಸ್ ಪರೀಕ್ಷೆಗೆ ಇಟ್ಟಿಗೆ ಗೋಡೆಯಷ್ಟು ಒಳ್ಳೆಯದು ಬೇರೆ ಇಲ್ಲ. ಅದು ಅಲುಗುವುದಿಲ್ಲ, ತನ್ನ ಗಲ್ಲ ದಪ್ಪ ಬಂದಿದೆ ಎಂದು ಕೊರಗುವುದಿಲ್ಲ. ಅಪರ್ಚರಿನ ಅಂಕಿ ಬದಲಿಸುತ್ತ ಒಂದೇ ಗೋಡೆಯನ್ನು ಮತ್ತೆ ಮತ್ತೆ ತೆಗೆಯಬೇಕು. ಎರಡರಲ್ಲಿ ಲೆನ್ಸಿನ ಕಣ್ಣು ಪೂರ್ತಿ ತೆರೆದಿರುತ್ತದೆ, ಚಿತ್ರದ ಅಂಚು ಮೆತ್ತಗೆ. ನಾಲ್ಕು, ಎಂಟು ಎಂದು ಹೋದಂತೆ ಕಣ್ಣು ಕಿರಿದಾಗುತ್ತದೆ, ಮೂಲೆಯ ಇಟ್ಟಿಗೆಯ ಬಿರುಕೂ ಕಾಣಬೇಕು.

ನಮ್ಮದು ಮರದ ಹಲಗೆಯ ಮನೆ. ಇಟ್ಟಿಗೆ ಗೋಡೆ ಇದ್ದದ್ದು ವಸಿಲಿಕಿಗೆ.

ಸೋಮವಾರ ನಮ್ಮ ಹಿತ್ತಲಲ್ಲಿ ಮೂರುಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅವಳ ಗೋಡೆಗೆ ಗುರಿಯಿಟ್ಟು ಕ್ಲಿಕ್ಕಿಸಿದೆ. ಎಡಗಡೆ ಎಲ್ಲ ಚೆನ್ನ. ಬಲಮೂಲೆ ಮಾತ್ರ ಯಾವ ಅಪರ್ಚರಿನಲ್ಲೂ ಮಸುಕು. ಅಲ್ಲಿನ ಸಣ್ಣ ಕಿಟಕಿಯಲ್ಲಿ ಒಂದು ಬೂದು ಮಚ್ಚೆ ಬೇರೆ. ಧೂಳಿರಬೇಕೆಂದು ಲೆನ್ಸ್ ಒರೆಸಿದೆ. ಮಚ್ಚೆ ಹೋಗಲಿಲ್ಲ.

ಸಂಜೆ ಬಾಗಿಲು ಬಡಿದ ಸದ್ದು. ವಸಿಲಿಕಿ ನಿಂತಿದ್ದಳು, ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ತಟ್ಟೆ.

“ಜಾಸ್ತಿ ಮಾಡ್ಬಿಟ್ಟೆ” ಎಂದಳು, ನನ್ನನ್ನಲ್ಲ, ಹೊಸಿಲನ್ನು ನೋಡುತ್ತ. “ತಿನ್ನು ಗ್ಲೆನಿಸ್. ಸೊರಗಿದ್ದೀಯ.”

ಎರಡು ವರ್ಷದಲ್ಲಿ ನಾನು ಉಡುಪಿನ ಎರಡು ಅಳತೆಯಷ್ಟು ದಪ್ಪಗಾಗಿದ್ದೆ. ಆದರೂ ಅಲ್ಲೇ ನಿಂತು ಒಂದು ಬಿಸ್ಕತ್ತು ತಿಂದೆ.

ಮಂಗಳವಾರ ಕ್ಯಾಮೆರಾ ಗೋಡೆಗೆ ನೇರವಾಗಿತ್ತೇ ಎಂಬ ಅನುಮಾನಕ್ಕೆ ಮತ್ತೆ ತೆಗೆದೆ. ಸಂಜೆ ಪಾಲಕ್ ಸೊಪ್ಪು ತುಂಬಿದ ಗರಿಗರಿ ಗ್ರೀಕ್ ಕಡುಬು, ಸ್ಪನಕೋಪಿತ ಬಂತು. ಬುಧವಾರ ಗಾಳಿಯಿತ್ತೆಂದು ಸ್ಟ್ಯಾಂಡಿಗೆ ಆಲೂಗೆಡ್ಡೆ ಚೀಲ ಕಟ್ಟಿ ತೆಗೆದೆ. ಅಕ್ಕಿ ತುಂಬಿದ ದೊಣ್ಣೆಮೆಣಸಿನಕಾಯಿ ಬಂತು. ಅವಳು ಐದು ನಿಮಿಷ ಕೂತು, ಮೊಣಕಾಲಿನ ಸುದ್ದಿಯನ್ನೂ ಹೇಳಿ ಹೋದಳು.

ರಾಸ್ ಬಾಯಿ ತುಂಬಿಕೊಂಡೇ ಕೇಳಿದ. “ಲೆನ್ಸ್ ಕೆಟ್ಟಿದೆ ಅಂತ ನನಗೇ ಕಾಣ್ತಿದೆ ಕಣೇ. ಇನ್ನೂ ಯಾಕೆ ತೆಗೀತಿದ್ದೀಯ?”

“ಇನ್ನೂ ಖಚಿತ ಆಗಿಲ್ಲ.”

“ಹಾಗಾದ್ರೆ ಖಚಿತ ಮಾಡ್ಕೋಬೇಡ. ನಾಳೆ ಏನು ತರ್ತಾಳೋ ನೋಡೋಣ.”

ಖಚಿತ ಮಾಡಿಕೊಳ್ಳಲು ಸುಲಭದ ದಾರಿಯಿತ್ತು. ಕ್ಯಾಮೆರಾವನ್ನೇ ತಲೆಕೆಳಗು ಹಿಡಿದು ಅದೇ ಗೋಡೆಯನ್ನು ತೆಗೆದರಾಯಿತು. ಮಸುಕು ಎಡಕ್ಕೆ ಹಾರಿದರೆ ಲೆನ್ಸಿನೊಳಗಿನ ಗಾಜು ಓರೆಯಾಗಿದೆ ಎಂದೇ ಅರ್ಥ. ಅದನ್ನು ಮಾಡದೆ ಗುರುವಾರ ಬಿಸಿಲು ಸಾಲದೆಂದು ತೆಗೆದೆ, ಶುಕ್ರವಾರ ಬಿಸಿಲು ಹೆಚ್ಚೆಂದು ತೆಗೆದೆ. ಅವಳಿಗೂ ನನ್ನ ನೆನಪು ಕಾಡಿರಬೇಕು, ಹಿತ್ತಲಲ್ಲಿ ನನ್ನನ್ನು ಕಂಡು ಮನಸ್ಸು ಕರಗಿರಬೇಕು ಎಂದುಕೊಂಡಿದ್ದೆ. ಪರೀಕ್ಷೆ ಮುಗಿದರೆ ಅವಳೂ ಬರುವುದು ನಿಲ್ಲಿಸಿಬಿಟ್ಟರೆ ಎಂದು ಹೆದರಿಕೆ.

ಆದರೆ ಭಾನುವಾರ ಹತ್ತಿರ ಬಂತು. ಶನಿವಾರ ಬೆಳಿಗ್ಗೆ ಕ್ಯಾಮೆರಾ ತಲೆಕೆಳಗು ಮಾಡಿ, ನಾನೂ ಕತ್ತು ತಿರುಚಿ ಬಗ್ಗಿ ಕ್ಲಿಕ್ಕಿಸಿದೆ.

ನಾನು ಒಳಗೆ ಬಂದು ಕಂಪ್ಯೂಟರ್ ಮುಂದೆ ಕೂರುವಷ್ಟರಲ್ಲಿ ವಸಿಲಿಕಿ ಬಾಗಿಲು ಬಡಿಯದೆಯೇ ಒಳನುಗ್ಗಿದಳು. ಕೈಯಲ್ಲಿ ಇಡೀ ಮದುವೆಮನೆಗೆ ಸಾಲುವಷ್ಟು ಪಾಸ್ತಿತ್ಸಿಯೊ, ಖೀಮಾ ಹಾಕಿ ಬೇಯಿಸಿದ ಪಾಸ್ತಾದ ದೊಡ್ಡ ಟ್ರೇ.

“ಈಗ ಪೈಪಿನ ಅಡಿಗೂ ಬಗ್ಗಿ ನೋಡಿದ್ಯಲ್ಲ” ಎಂದಳು. “ಸಾಕು ಗ್ಲೆನಿಸ್. ಇನ್ನೇನು ಮಾಡಿ ಹಾಕಲಿ? ಕೌನ್ಸಿಲ್‌ನವರಿಗೆ ಕಳಿಸ್ಬೇಡ.”

“ಏನು ಕಳಿಸಬಾರದು?”

“ಬಚ್ಚಲುಮನೆ ಫೋಟೊ. ಅನುಮತಿ ಇಲ್ಲದೆ ನಮ್ಮ ಥನಾಸಿ ಅದನ್ನ ಕಟ್ಟಿದ್ದು ನಿನಗೆ ಗೊತ್ತಿಲ್ವಾ? ವಾರದಿಂದ ಸಾಕ್ಷಿ ಗುಡ್ಡೆ ಹಾಕ್ತಿದ್ದೀಯ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗೋಡೆಯ ಬಲಮೂಲೆಗೆ ಅಂಟಿಕೊಂಡಿದ್ದ ಆ ಕಿಟಕಿ ಅವಳ ಗಂಡ ಥನಾಸಿ ಕಟ್ಟಿದ ಬಚ್ಚಲಿನದು. ಬಿಸ್ಕತ್ತು, ಸ್ಪನಕೋಪಿತ, ಮೊಣಕಾಲಿನ ಸುದ್ದಿ, ಎಲ್ಲ ಲಂಚ.

“ನಾನು ಲೆನ್ಸ್ ನೋಡ್ತಿದ್ದೆ. ನಿನ್ನ ಬಚ್ಚಲನ್ನಲ್ಲ” ಎಂದೆ. “ಪಾಸ್ತಿತ್ಸಿಯೊ ತಗೊಂಡು ಹೋಗು.”

ಅವಳು ಟ್ರೇಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. “ಗೋಡೆಗೋಸ್ಕರವಾ ನಾನು ವಾರವೆಲ್ಲ ಹಿಟ್ಟು ನಾದಿದ್ದು? ತೋರಿಸು.”

ವಾರದ ಚಿತ್ರಗಳನ್ನೆಲ್ಲ, ಇದು ಎರಡರದ್ದು, ಇದು ಹದಿನಾರರದ್ದು ಎಂದು ಅಂಕಿ ಹೇಳುತ್ತ, ಒಂದೊಂದಾಗಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು.

“ಇದಾ ನಮ್ಮ ಬಚ್ಚಲು? ನೆನೆದ ರಸ್ಕಿನ ಹಾಗಿದೆ.”

“ಲೆನ್ಸ್ ಕೆಟ್ಟಿದೆ. ಎಷ್ಟೇ ಕಿರಿದು ಮಾಡಿದ್ರೂ ಬಲಗಡೆ ಹಾಗೇನೇ.”

ಕೊನೆಗೆ ತಲೆಕೆಳಗು ತೆಗೆದದ್ದನ್ನು ತಿರುಗಿಸಿ ತೋರಿಸಿದೆ. ಮಸುಕು ಎಡಕ್ಕೆ ಹಾರಿತ್ತು. ಬಲಗಡೆ ಬಚ್ಚಲಿನ ಹೆಂಚು, ಪೈಪು, ಕಿಟಕಿ ಎಲ್ಲ ಅಂಗೈ ಗೆರೆಯಷ್ಟು ಸ್ಪಷ್ಟ. ಕಿಟಕಿಯ ಪರದೆ ಸರಿಸಿ, ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು, ಹೆದರಿದ ಕಣ್ಣಿನ ಥನಾಸಿ ನನ್ನನ್ನೇ ನೋಡುತ್ತಿದ್ದ. ನಾನು ವಾರವಿಡೀ ಒರೆಸಿದ ಬೂದು ಮಚ್ಚೆ ಅವನೇ.

ಮೊದಲು ನಕ್ಕವಳು ಅವಳು. ಟ್ರೇ ನಡುಗಿತು. ನಾನು ಅದನ್ನು ಹಿಡಿದುಕೊಂಡೆ, ಆಮೇಲೆ ಮೇಜಿನ ಮೇಲಿಡದೆ ವಿಧಿಯಿರಲಿಲ್ಲ.

“ಒಂದು ಕೇಳಲಾ?” ಎಂದೆ, ನಗು ಇಳಿದ ಮೇಲೆ. “ಬಚ್ಚಲು ಇಲ್ಲದಿದ್ರೆ ನೀನು ಬರ್ತಾನೇ ಇರ್ಲಿಲ್ಲ ಅಲ್ವಾ?”

ಅವಳು ಕನ್ನಡಕ ಒರೆಸಿದಳು. “ಎರಡು ವರ್ಷ ಕಾದೆ, ಟೊಮೇಟೊಗಳಿಗೆ ಅಂದದ್ದನ್ನ ಕೇಳಿ ನೀನಾಗೇ ಬಂದು ಬೈತೀಯ ಅಂತ. ಬೈಲೂ ಇಲ್ಲ.”

“ಗಿಡ ಕಡಿದದ್ದು ರಾಸ್.”

“ರಾಸ್ ಜೊತೆ ನಾನೆಲ್ಲಿ ಹರಟ್ತಿದ್ದೆ?” ಎಂದಳು. “ಟೊಮೇಟೊಗಳ ಜೊತೆ ಮಾತಾಡಿ ಮಾತಾಡಿ ಸಾಕಾಯ್ತು ಕಣೆ. ತಿರುಗಿ ಏನೂ ಹೇಳಲ್ಲ ಅವು.”

ನಾನು ಎರಡು ತಟ್ಟೆ ತಂದೆ. ತಿನ್ನುತ್ತ, ನಾಳೆ ಲೆನ್ಸ್ ವಾಪಸ್ ಕೊಡುತ್ತೇನೆಂದೆ. ಅವಳ ಫೋರ್ಕ್ ಗಾಳಿಯಲ್ಲೇ ನಿಂತಿತು.

“ಕೊಡ್ಬೇಡ. ಅಷ್ಟು ಒಳ್ಳೇ ಲೆನ್ಸ್ ಎಲ್ಲಿ ಸಿಗುತ್ತೆ? ತಲೆಕೆಳಗು ಮಾತ್ರ ಮಾಡ್ಬೇಡ.”

ಭಾನುವಾರ ನಾನು ಸಂತೆಗೆ ಹೋಗಲಿಲ್ಲ. ಈಸ್ಟರಿಗೆಂದು ಇಟ್ಟಿದ್ದ ನೀಲಿ ಉಡುಪು, ಕೆಂಪು ತುಟಿಬಣ್ಣದಲ್ಲಿ ವಸಿಲಿಕಿ ತನ್ನ ಗೋಡೆಯ ಮುಂದೆ ಬಂದು ನಿಂತಳು. ನಡುವೆ ನಿಲ್ಲು ಎಂದೆ. ಅವಳು ಒಂದೊಂದೇ ಹೆಜ್ಜೆ ನನ್ನ ಬಲಕ್ಕೆ ಸರಿದು, ಬಚ್ಚಲಿನ ಕಿಟಕಿಗೆ ಬೆನ್ನು ತಾಗುವವರೆಗೂ ಹೋದಳು.

“ಅಲ್ಲಿ ಮಸುಕಾಗ್ತೀಯ” ಎಂದು ಕೂಗಿದೆ.

“ಗೊತ್ತು. ಸುಕ್ಕೂ ಮಸುಕಾಗುತ್ತೆ. ಹದಿನಾರು ಗಿದಿನಾರು ಬೇಡ, ಎರಡರಲ್ಲಿ ತೆಗಿ” ಎಂದು ಗಲ್ಲ ಎತ್ತಿದಳು.

ಹಿಂದಿನ ಪರದೆ ಅಲುಗಿತು. “ಥನಾಸಿ, ತಲೆ ಒಳಗೆ ಹಾಕು” ಎಂದು ತಿರುಗದೆಯೇ ಗದರಿದಳು. ನಾನು ಲೆನ್ಸಿನ ಕಣ್ಣು ಪೂರ್ತಿ ತೆರೆದೆ.