ಒಗೆಯುವ ಕಲ್ಲಿನ ಮೇಲೆ ಮೈಕ್ರೋಸ್ಕೋಪು

ಗಾಜಿನ ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮದ್ದೂರಿನಿಂದ ಅದನ್ನು ಟೆಂಪೋದಲ್ಲಿ ತಂದವನು ಹೊರಗಿನಿಂದ ತಳ್ಳುತ್ತಿದ್ದ. ಒಳಗಿದ್ದ ಚಿಕ್ಕಬೋರಯ್ಯ, ಕಾಲಿಡಲು ಜಾಗವಿಲ್ಲ, ಹಿಂದಕ್ಕೆ ಎಳಿ ಎನ್ನುತ್ತಿದ್ದ. ಅವನ ತಮ್ಮ ಮುದ್ದಯ್ಯನ ಹೆಣ ರಾತ್ರಿಯಿಂದ ಅಡುಗೆಮನೆ ಬಾಗಿಲ ಬಳಿ ಚಾಪೆಯ ಮೇಲಿತ್ತು. ಕಿರುಗಾವಲಿನಿಂದ ಅಕ್ಕ ಬೆಳ್ಳಮ್ಮ ಬರುವತನಕ ಅದನ್ನು ತಂಪಿನ ಪೆಟ್ಟಿಗೆಯಲ್ಲಿ ಇಡಬೇಕಿತ್ತು. ಪೆಟ್ಟಿಗೆ ಇಡಬೇಕಾದ ನಡುಮನೆಯ ತುಂಬ ಮುದ್ದಯ್ಯನ ಸಾಮಾನು.

ಸತ್ತ ಮನೆಯ ಮಾತನ್ನು ಹೀಗೆ ಹೇಳಲು ನನಗೆ ಹೆದರಿಕೆಯೇ. ನಾನು ಎದುರುಮನೆಯ ಜನ, ಆ ಮನೆಯವರಲ್ಲ. ಕೆಲವನ್ನು ಕಣ್ಣಾರೆ ಕಂಡೆ, ಉಳಿದದ್ದನ್ನು ಮುದ್ದಯ್ಯನ ಹೆಂಡತಿ ವನಜಾಳೇ ಆಮೇಲೆ ಹೇಳಿದಳು. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಕ್ಷಮಿಸಬೇಕು.

ಸಾಮಾನೆಂದರೆ ಪಾತ್ರೆ ಪಡಗವಲ್ಲ. ಒಂದೇ ತಟ್ಟೆಯ ತಕ್ಕಡಿ, ಪಾದರಸ ಸೋರಿಹೋದ ಬಿ.ಪಿ. ಪೆಟ್ಟಿಗೆ, ಸರ್ವೆಯವರ ಗಾಜಿಲ್ಲದ ದುರ್ಬೀನು, ಹಿಂದಿನ ಡಾಕ್ಟರುಗಳು ಎದೆಗೆ ಇಟ್ಟು ಕೇಳುತ್ತಿದ್ದ ಮರದ ಕೊಳವೆ, ಕಣ್ಣು ಪರೀಕ್ಷೆಯ ಗಾಜುಗಳ ಡಬ್ಬಿ. ಗೋಡೆಯುದ್ದಕ್ಕೂ ಅಟ್ಟಣಿಗೆ ಕಟ್ಟಿ ಜೋಡಿಸಿದ್ದ. ಒಂದರಲ್ಲಿ ಒಂದಿದ್ದರೆ ಇನ್ನೊಂದಿಲ್ಲ.

"ಎಲ್ಲಾನೂ ಹೊರಗಾಕಿ ಭಾವ," ಅಂದಳು ವನಜಾ. "ಇದ್ದಾಗ ಮನುಸ್ರಿಗೆ ಜಾಗ ಬುಡ್ನಿಲ್ಲ. ಈಗ ಅವ್ರಿಗೇ ಇಲ್ಲ."

"ಎಲ್ಲಿ ಮಡಗದವ್ವ?"

"ಹಿತ್ತಲಲ್ಲಿ. ತಿಪ್ಪೇಲಿ. ಎಲ್ಲಾರ ಮಡಗಿ."

ಗಂಡಸರು ಹೊತ್ತು ಹೊತ್ತು ಹಿತ್ತಲಿಗೆ ಸಾಗಿಸಿದರು. ಕಿಟಕಿ ಪಕ್ಕದ ಮೇಜಿನ ಮೇಲಿದ್ದ ಹಿತ್ತಾಳೆಯ ಮೈಕ್ರೋಸ್ಕೋಪನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹಿಂದಿನ ಸಂಜೆ ವನಜಾ ಕೆಲಸದಿಂದ ಬಂದಾಗ ಮುದ್ದಯ್ಯ ಅದರ ಪಕ್ಕ ತಲೆ ಇಟ್ಟು ಕೂತಿದ್ದ. ನಿದ್ದೆ ಹತ್ತಿದೆ ಅಂದುಕೊಂಡು, ಡ್ಯೂಟಿಗೆ ಹೊತ್ತಾಗಲಿಲ್ಲವಾ ಎಂದು ಅಡುಗೆಮನೆಯಿಂದಲೇ ಬೈಯುತ್ತಾ ಕಾಫಿಗೆ ಇಟ್ಟಿದ್ದಳು. ಕಾಫಿ ಉಕ್ಕಿದ ಮೇಲೇ ಅವಳಿಗೆ ಅನುಮಾನ ಬಂದದ್ದು.

ಆ ಮೈಕ್ರೋಸ್ಕೋಪನ್ನು ಅವಳೇ ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕಿ ಬಂದಳು.

*

ಮುದ್ದಯ್ಯ ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ರಾತ್ರಿ ಕಾವಲಿಗಿದ್ದ. ವನಜಾ ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬೆಳಗ್ಗೆ ಅವನು ಬಸ್ಸಿಳಿಯುವ ಹೊತ್ತಿಗೆ ಅವಳು ಬಸ್ಸು ಹತ್ತಿರುತ್ತಿದ್ದಳು. ಸಂಜೆ ಅವಳು ಬಾಗಿಲು ದಾಟುವಾಗ ಅವನು ಊಟದ ಡಬ್ಬಿ ಹಿಡಿದು ಚಪ್ಪಲಿ ಹುಡುಕುತ್ತಿರುತ್ತಿದ್ದ. ಮಕ್ಕಳಾಗಲಿಲ್ಲ. ಊರಲ್ಲಿ ಕೆಲವರು ಅದಕ್ಕೂ ಈ ಡ್ಯೂಟಿಯನ್ನೇ ಕಾರಣ ಮಾಡಿ ನಗುತ್ತಿದ್ದರು.

ಅವನು ಮಂಡ್ಯದ ಗುಜರಿ ಅಂಗಡಿಗಳನ್ನು ಸುತ್ತಿ ಈ ಸಾಮಾನು ತರುತ್ತಿದ್ದ. ಯಾಕೆ ಎಂದು ಅವಳು ಕೇಳದ ದಿನವಿಲ್ಲ. ಒಂದು ಸಲ ಮಾತ್ರ ಉತ್ತರ ಕೊಟ್ಟಿದ್ದ: "ಯಾರೋ ಇದ್ರಲ್ಲಿ ನೋಡವ್ರೆ, ಯಾರೋ ಇದ್ರಲ್ಲಿ ಕೇಳವ್ರೆ. ಎಂಗ್ ಕರಗ್ಸಕ್ ಬುಡದು?" ಅದು ಉತ್ತರವೇ ಅಲ್ಲ ಅನ್ನಿಸಿತ್ತು ಅವಳಿಗೆ. ಮನೆಗೆ ಇದ್ದದ್ದು ಒಂದೇ ಒಳ್ಳೆಯ ಕಿಟಕಿ. ಅಲ್ಲಿ ತನ್ನ ಹೊಲಿಗೆ ಮಿಷಿನ್ನು ಹಾಕಿಕೊಳ್ಳಬೇಕೆಂದು ಅವಳಿಗೆ ಮದುವೆಯಾದಾಗಿನಿಂದ ಆಸೆ. ಮಿಷಿನ್ನು ಅಡುಗೆಮನೆಯ ಮೂಲೆಯಲ್ಲಿ ಹೊಗೆ ಕುಡಿಯುತ್ತಿತ್ತು.

ಮಳವಳ್ಳಿಯಲ್ಲಿ ಹಳೆಯ ಡಾಕ್ಟರೊಬ್ಬರು ತೀರಿಕೊಂಡು, ಮಕ್ಕಳು ಮನೆ ಖಾಲಿ ಮಾಡುವಾಗ ಮೈಕ್ರೋಸ್ಕೋಪು ಸಿಕ್ಕಿತು. ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಅವನ ಸಾಮಾನಿನಲ್ಲೆಲ್ಲ ಏನೂ ಕಳೆದುಹೋಗದೆ ಬಂದದ್ದು ಅದೊಂದೇ. ಆ ರಾತ್ರಿ ಅವನಿಗೆ ರಜ. ಊಟದ ತಟ್ಟೆ ತೊಳೆಯಲೂ ಬಿಡದೆ ಅವಳನ್ನು ಕರೆದ. ಒದ್ದೆ ಕೈಯಲ್ಲೇ ಬಂದು ಬಗ್ಗಿದಳು.

"ಏನೂ ಕಾಣಕಿಲ್ಲ. ನನ್ ರೆಪ್ಪೆ ಕಾಣ್ತದೆ."

"ವಸಿ ದೂರ ಮಡಗು ಕಣ್ಣ."

"ಈಗ ಕತ್ಲೆ ಕಾಣ್ತದೆ."

ಅವನು ಟ್ಯೂಬ್‌ಲೈಟಿನ ಕಡೆಗೆ ಅದರ ಕೆಳಗಿನ ಪುಟ್ಟ ಕನ್ನಡಿಯನ್ನು ತಿರುಗಿಸಿದ, ಟಾರ್ಚು ಹಿಡಿದ, ಕೊನೆಗೆ ಬೆವರು ಒರೆಸಿಕೊಂಡ. ಇದು ಹಗಲಿನ ಬೆಳಕಿಗೆ ಮಾಡಿದ್ದು, ಭಾನುವಾರ ತೋರಿಸುತ್ತೇನೆ ಅಂದ. ಆ ಭಾನುವಾರ ಅವಳಿಗೆ ಓವರ್‌ಟೈಮು. ಮುಂದಿನ ಭಾನುವಾರ ಅವನು ನಿದ್ದೆ ಮುಗಿಸಿ ಎದ್ದಾಗ ಹೊತ್ತು ಇಳಿದಿತ್ತು. ಅದರ ಮುಂದಿನ ವಾರ ಅವನು ಕರೆದ, ಅವಳು ಬಟ್ಟೆ ನೆನೆಹಾಕಿದ್ದಳು. ಆಮೇಲೆ ಅವನೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ.

*

ಬೆಳ್ಳಮ್ಮ ಬಂದವಳು ಗಾಜಿನ ಮೇಲೆ ಬಿದ್ದು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಕೇಳಿದ ಮೊದಲ ಮಾತು, ಗುಂಡಿಗೆ ಏನು ಹಾಕುತ್ತೀರಿ ಎಂದು. ಅವರ ವಂಶದಲ್ಲಿ ಸತ್ತವರಿಗೆ ಬಹಳ ಇಷ್ಟವಾದ ಒಂದು ವಸ್ತುವನ್ನು ಮಣ್ಣಿಗೆ ಜೊತೆಯಲ್ಲೇ ಕಳಿಸುತ್ತಾರೆ.

"ನಮ್ಮಪ್ಪುಂಗೆ ಎಲೆಅಡ್ಕೆ ಚೀಲ ಹಾಕುದ್ವಿ. ಇವ್ನಿಗೆ ಯಾವ್ದು ಅಂದ್ರೆ ಪಿರೂತಿ?"

ಎಲ್ಲರೂ ವನಜಾಳ ಮುಖ ನೋಡಿದರು. ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಧೂಳು ಒರೆಸಿದ್ದಾಳೆ, ಎಡವಿದ್ದಾಳೆ, ಶಾಪ ಹಾಕಿದ್ದಾಳೆ. ಆದರೆ ಅವನಿಗೆ ಇಷ್ಟವಾದದ್ದು ಯಾವುದು ಎಂದು ಒಂದು ಸಲವೂ ಕೇಳಿರಲಿಲ್ಲ. ಅದರಿಂದಲೇ ಅವಳಿಗೆ ಸಿಟ್ಟು ನೆತ್ತಿಗೇರಿತು.

"ಎಲ್ಲಾನೂ ಹಾಕಿ ಮುಚ್ಚಿ ಅತ್ಗೆ. ಅಲ್ಲಿ ಡ್ಯೂಟಿ ಇಲ್ಲ. ಆರಾಮಾಗ್ ನೋಡ್ಕಂಡಿರ್ಲಿ."

"ಎಣದ್ ಮುಂದೆ ಇಂಗ್ ಮಾತಾಡ್ತಾರಾ ವನಜಾ?"

"ಜೀವ ಇದ್ದಾಗ ಮಾತಾಡಕ್ಕೆ ಅವ್ರು ಸಿಕ್ಕುದ್ರೆ ತಾನೆ."

ಚಿಕ್ಕಬೋರಯ್ಯ ನಡುವೆ ಬಂದು, ಜೀವ ಹೋದದ್ದು ಆ ಹಿತ್ತಾಳೆಯದರ ಮುಂದೆ, ಅಂದಮೇಲೆ ಅದೇ ಅವನಿಗೆ ಸೇರಬೇಕು ಎಂದು ತೀರ್ಮಾನ ಹೇಳಿದ. ಬೆಳ್ಳಮ್ಮನೂ ಹೌದು ಅಂದಳು. ರಾಹುಕಾಲಕ್ಕೆ ಮೊದಲು ಹೊರಡಬೇಕು, ಬೇಗ ತಾ ಎಂದರು. ವನಜಾ ಹಿತ್ತಲಿಗೆ ಹೋದಳು.

*

ಎರಡು ವಾರದ ಹಿಂದಿನ ಒಂದು ಸಂಜೆ ಬಾಗಿಲಲ್ಲಿ ಅವನು ಅವಳನ್ನು ತಡೆದು ನಿಲ್ಲಿಸಿದ್ದ. ಗಾರ್ಮೆಂಟ್ಸಿನಿಂದ ಬಂದವರ ತಲೆಯಲ್ಲಿ ಯಾವಾಗಲೂ ಬಟ್ಟೆಯ ಎಳೆ ಅಂಟಿರುತ್ತದೆ. ಅವನು ಕಿವಿಯ ಮೇಲಿಂದ ಒಂದು ಎಳೆಯನ್ನು ಮೆಲ್ಲಗೆ ಬಿಡಿಸಿದ. ಅವಳು ಅಲ್ಲಾಡದೆ ನಿಂತಳು. ಎಷ್ಟೋ ದಿನಕ್ಕೆ ಗಂಡ ತನ್ನ ತಲೆ ಮುಟ್ಟಿದ್ದಾನೆ ಅನ್ನಿಸಿ ಕಣ್ಣೂ ಮುಚ್ಚಿದಳಂತೆ. ಬಿಟ್ಟು ನೋಡಿದರೆ ಅವನು ಆ ಎಳೆಯನ್ನು ಬೆಂಕಿಪೊಟ್ಟಣದೊಳಗೆ ಇಡುತ್ತಿದ್ದ.

"ಅದ್ಕಾ?" ಅಂದಳು ಕಿಟಕಿಯ ಮೇಜಿನ ಕಡೆ ನೋಡಿ.

"ಅದ್ಕೇ ಕಣೆ," ಅಂದು ನಕ್ಕು ಬಸ್ಸಿಗೆ ಓಡಿದ. ಅವಳು ಆ ರಾತ್ರಿ ಉಣ್ಣಲಿಲ್ಲ.

*

ಹಿತ್ತಲಲ್ಲಿ ಬಿಸಿಲಿತ್ತು. ತಕ್ಕಡಿ, ಡಬ್ಬಿ, ಕೊಳವೆಗಳೆಲ್ಲ ತೆಂಗಿನ ಬುಡದಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದವು. ಒಗೆಯುವ ಕಲ್ಲಿನ ಮೇಲೆ ಮೈಕ್ರೋಸ್ಕೋಪು ನೆಟ್ಟಗೆ ನಿಂತಿತ್ತು. ಎತ್ತಲೆಂದು ಬಗ್ಗಿದಾಗ ಅವಳ ಗಲ್ಲದ ಮೇಲೆ ಬೆಳಕಿನದೊಂದು ಬೊಟ್ಟು ಬಿತ್ತು. ಕೊಳವೆಯ ಬಾಯಿಂದ ಬೆಳಕು ಹೊರಗೆ ಬರುತ್ತಿತ್ತು. ಕನ್ನಡಿ ಮರದಾಚೆಯ ಬಿಳಿ ಮೋಡದ ಕಡೆ ತಿರುಗಿಕೊಂಡಿತ್ತು. ಕೆಳಗೆ ಕ್ಲಿಪ್ಪಿನ ಅಡಿ, ನೋಡುವ ವಸ್ತುವನ್ನು ಇಡುವ ಗಾಜಿನ ಪಟ್ಟಿಯೊಂದು ಇನ್ನೂ ಹಾಗೇ ಸಿಕ್ಕಿಕೊಂಡಿತ್ತು.

ಅವಳು ಕಣ್ಣಿಟ್ಟಳು. ಮೊದಲು ರೆಪ್ಪೆ. ವಸಿ ದೂರ ಮಡಗಿದಳು.

ಬಿಳಿಯ ದುಂಡು ಬಯಲು. ಅದರ ತುಂಬ ತಿರುಚಿಕೊಂಡ ರಿಬ್ಬನ್ನುಗಳಂಥವು, ಒಂದರ ಮೇಲೊಂದು ಹಾದು ಹೋಗಿದ್ದವು. ಅವುಗಳ ನಡುವೆ ದಪ್ಪ ಹಗ್ಗದಂಥದ್ದು ಒಂದು, ಕಂದು ಬಣ್ಣದ್ದು. ಏನೆಂದು ತಿಳಿಯುವ ಮೊದಲೇ ಎಲ್ಲ ಕತ್ತಲಾಯಿತು. ಅಳುತ್ತಿದ್ದಾಳೆ ಅಂದುಕೊಂಡು ಬೆಳ್ಳಮ್ಮ ಬಂದು ಬೆನ್ನ ಮೇಲೆ ಕೈ ಇಟ್ಟಿದ್ದಳು.

"ವಸಿ ಅತ್ಲಾಗ್ ಬನ್ನಿ ಅತ್ಗೆ. ಬೆಳಕ್ಗೆ ಅಡ್ಡ ಆಯ್ತದೆ."

ಬೆಳ್ಳಮ್ಮ ಸರಿದಳು. ಅಷ್ಟರಲ್ಲಿ ಚಿಕ್ಕಬೋರಯ್ಯ ಬಂದು, ಹೊತ್ತು ಮೀರುತ್ತದೆ ಎಂದು ಮೈಕ್ರೋಸ್ಕೋಪಿನ ಕತ್ತು ಹಿಡಿದು ಎತ್ತಿದ. ವನಜಾ ಅದರ ಪಾದ ಹಿಡಿದುಕೊಂಡಳು. ಹಿಂದಿನ ದಿನದವರೆಗೂ ಭಾವನ ಎದುರು ತಲೆ ಎತ್ತದಿದ್ದ ಹೆಂಗಸು. ಅವನು ಎಳೆದ, ಅವಳೂ ಎಳೆದಳು.

"ಇದ ಬುಡಿ ಭಾವ."

"ನೀನೇ ತಾನೆ ಎಲ್ಲಾನೂ ಹಾಕಿ ಅಂದದ್ದು?"

"ಅಂದೆ. ಇದ ಬುಡಿ. ನಾನಿನ್ನೂ ನೋಡಿಲ್ಲ."

ಅವನು ಅಕ್ಕನ ಮುಖ ನೋಡಿದ. ಅದರೊಳಗೆ ಏನಿದೆ ಎಂದು ಬೆಳ್ಳಮ್ಮ ಕೇಳಿದಳು. ಗೊತ್ತಿಲ್ಲ ಅಂದಳು ವನಜಾ. ಬೆಳ್ಳಮ್ಮ ತೆಂಗಿನ ಬುಡದಿಂದ ಆ ಮರದ ಕೊಳವೆಯನ್ನು ಆಯ್ದು ಸೆರಗಿನಲ್ಲಿ ಒರೆಸಿ, "ಬುಡ್ಲಾ ಚಿಕ್ಕಬೋರ, ಇದೇ ಸಾಕು," ಅಂದಳು. ಗುಂಡಿಯಲ್ಲಿ ಅದನ್ನು ತಮ್ಮನ ಎದೆಯ ಪಕ್ಕ ಅವಳೇ ಇಟ್ಟಳು.

ಮಣ್ಣು ಮಾಡಿ ಬಂದು ಸ್ನಾನ ಮುಗಿಸುವಷ್ಟರಲ್ಲಿ ಕತ್ತಲಾಯಿತು. ನಡುಮನೆಯಲ್ಲಿ ಹೆಣವಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ವನಜಾ ಹಿತ್ತಲಿಗೆ ಹೋಗಿ ಮೈಕ್ರೋಸ್ಕೋಪಿಗೆ ಒಂದು ಟವೆಲ್ಲು ಹೊದಿಸಿ ಬಂದಳು.

ಮರುದಿನ ಬೆಳಗ್ಗೆ ಗಾರ್ಮೆಂಟ್ಸಿನ ಬಸ್ಸು ಹಾರ್ನು ಮಾಡಿ, ಕಾದು, ಹೊರಟುಹೋಯಿತು. ನಮ್ಮ ಮಾಳಿಗೆಯಿಂದ ಅವರ ಹಿತ್ತಲು ಕಾಣುತ್ತದೆ. ಅವಳು ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕನ್ನಡಿಯನ್ನು ಮರದ ಕಡೆಗೊಮ್ಮೆ, ಗೋಡೆಯ ಕಡೆಗೊಮ್ಮೆ ತಿರುಗಿಸುತ್ತಿದ್ದಳು. ಎಳೆದಾಟದಲ್ಲಿ ಗಾಜಿನ ಪಟ್ಟಿ ಜರುಗಿತ್ತು. ಒಂದು ಕಣ್ಣು ಮುಚ್ಚಿ ಬಗ್ಗುತ್ತಿದ್ದಳು, ತಲೆ ಎತ್ತಿ ಮೋಡ ನೋಡುತ್ತಿದ್ದಳು, ಮತ್ತೆ ಬಗ್ಗುತ್ತಿದ್ದಳು.

ಆ ಗಾಜಿನಲ್ಲಿದ್ದದ್ದು ಅವಳ ತಲೆಯಿಂದ ತೆಗೆದ ಎಳೆಯೋ, ಮಳವಳ್ಳಿಯ ಡಾಕ್ಟರು ಬಿಟ್ಟುಹೋದ ಇನ್ನೇನೋ, ನನಗೆ ತಿಳಿಯದು. ಅವಳಿಗೂ ತಿಳಿದಿಲ್ಲ.