ಎರಡನೇ ಗೆರೆ

ಅಣ್ಣ ತೀರಿಕೊಂಡು ವರ್ಷವಾದರೂ ಅಮ್ಮನಿಗೆ ಅವನ ದನಿ ಕೇಳಿಸುತ್ತಿತ್ತು. ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ಗಕ್ಕನೆ ನಿಲ್ಲಿಸಿ, "ಬಂದೆ ಕಣೋ, ಈ ತೋಳೊಂದು ಹೊಲಿದುಬಿಡ್ತೀನಿ" ಎನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಊಟ, ನಿದ್ದೆ ಬಿಟ್ಟು ಕಡ್ಡಿಯಾಗಿದ್ದಳು. ಡಾಕ್ಟರು ಕೊಟ್ಟ ಮಾತ್ರೆ ಮುಟ್ಟುತ್ತಿರಲಿಲ್ಲ. ಹೀಗೇ ಬಿಟ್ಟರೆ ಇವಳನ್ನೂ ಕಳೆದುಕೊಳ್ಳುತ್ತೇನೆಂದು ನನಗೆ ಹೆದರಿಕೆ. ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ ಹೇಳಲಿ? ಅವನು ನನಗೂ ಅಣ್ಣನೇ ತಾನೆ? ನನ್ನನ್ನೇಕೆ ಒಮ್ಮೆಯೂ ಕರೆಯಲಿಲ್ಲ?

"ಮಾತ್ರೆ ತಗೊಂಡ್ರೆ ಅವನು ಬರೋದು ನಿಂತ್ಹೋಗುತ್ತೆ" ಎಂಬುದು ಅವಳ ಹಟ.

ನಾನು ಡಿಗ್ರಿಗೆ ಓದುತ್ತಿರುವುದೇ ನರವಿಜ್ಞಾನ. "ನಮ್ಮ ಲ್ಯಾಬಿಗೆ ಬಾ, ಮಿದುಳಿನ ಅಲೆ ಅಳೆಯೋ ಮೆಷೀನಿದೆ. ಅವನು ನಿಜವಾಗ್ಲೂ ಕರೆದ್ರೆ ಪರದೆ ಮೇಲೆ ನಿನ್ನ ಗೆರೆ ಎದ್ದು ಕುಣಿಯುತ್ತೆ. ಕುಣೀಲಿಲ್ವಾ, ಮಾತ್ರೆ ನುಂಗ್ಬೇಕು" ಎಂದೆ. ಎರಡನೇ ವರ್ಷದ ಹುಡುಗಿಯ ತಲೆಹರಟೆ! ಅಮ್ಮ ಒಪ್ಪಿಬಿಟ್ಟಳು.

ಒಬ್ಬರ ಗೆರೆ ತೆಗೆಯುವಾಗ, ಹೋಲಿಸಿ ನೋಡಲು ಏನೂ ತೊಂದರೆಯಿಲ್ಲದ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸುವುದು ನಮ್ಮ ಲ್ಯಾಬಿನ ಪದ್ಧತಿ. ಹಾಗಾಗಿ ನಾನೂ ಕುಳಿತೆ. ದಪ್ಪ ಕನ್ನಡಕದ ಸಹಪಾಠಿ, ನಮ್ಮೆಲ್ಲರ ಬಾಯಲ್ಲಿ ಸೋಡಾಬುಡ್ಡಿ, ಇಬ್ಬರ ತಲೆಗೂ ತಂತಿಯ ಟೋಪಿ ಹಾಕಿ, ಕೂದಲ ಸಂದಿಗೆ ತಣ್ಣನೆಯ ಜೆಲ್ ತುಂಬಿದ.

"ಆಂಟಿ, ಕಣ್ಮುಚ್ಚಿ. ದನಿ ಕೇಳಿದ್ರೆ ಈ ಗುಂಡಿ ಒತ್ತಿ, ಅಷ್ಟೇ."

ನಾನೂ ಕಣ್ಣು ಮುಚ್ಚಿದೆ. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ.

ಮುಗಿದ ಮೇಲೆ ನೋಡಿದರೆ ಸೋಡಾಬುಡ್ಡಿ ಪರದೆಯ ಮುಂದೆ ಬೆಪ್ಪಾಗಿ ಕುಳಿತಿದ್ದ. ಅಮ್ಮ ಗುಂಡಿ ಒತ್ತಿದ ಕಡೆಯಲ್ಲೆಲ್ಲ ಅವಳ ಗೆರೆ ಸುಮ್ಮನೆ ಮಲಗಿತ್ತು. ಕೆಳಗಿನ ಎರಡನೇ ಗೆರೆ ಮಾತ್ರ ಪ್ರತಿ ಸಲವೂ ನೆಟ್ಟಗೆ ಎದ್ದಿತ್ತು.

"ತಂತಿ ಅದಲುಬದಲು ಮಾಡಿದೀಯೇನೋ ಕೋತಿ!"

"ತಿರುಗಿ ತಿರುಗಿ ನೋಡ್ದೆ ಕಣೇ. ಅದು ನಿಂದೇ."

ನನಗೇನೂ ಕೇಳಿಸಿರಲಿಲ್ಲ. ದೇವರಾಣೆಗೂ ಇಲ್ಲ.

ಅಮ್ಮ ಎದ್ದು ಬಂದು ಪರದೆಯ ಮೇಲಿನ ಆ ಎರಡನೇ ಗೆರೆಗೆ ಬೆರಳಿಟ್ಟಳು. "ಅಯ್ಯೋ, ಅವನು ಕರೀತಿದ್ದದ್ದು ನಿನ್ನನ್ನಾ? ನಾನು ಸುಮ್ನೆ ಮಧ್ಯೆ ಓಗೊಡ್ತಿದ್ನಾ?" ಎಂದಳು. ಅಂದೇ ಮಾತ್ರೆ ನುಂಗಿದಳು.

ಈಗ ಮೈ ತುಂಬಿಕೊಂಡಿದ್ದಾಳೆ. ಅವಳಿಗೆ ಯಾವ ದನಿಯೂ ಕೇಳಿಸುವುದಿಲ್ಲ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಇವತ್ತೇನಂದ?" ಎಂದು ಆಸೆಯಿಂದ ಕೇಳುತ್ತಾಳೆ. ಏನೂ ಅನ್ನಲಿಲ್ಲ ಎಂದರೆ ಮತ್ತೆ ಮಾತ್ರೆ ಬಿಡುತ್ತಾಳೆ.

"ಊಟ ಮಾಡಿದ್ಯಾ ಅಂತ ಕೇಳ್ದ ಅಮ್ಮ."

"ಆಯ್ತು ಅಂತ ಹೇಳೇ."

ಖಾಲಿ ಕೋಣೆಯ ಕಡೆ ತಿರುಗಿ, "ಆಯ್ತಂತೆ ಕಣೋ" ಎನ್ನುತ್ತೇನೆ. ಆಮೇಲೆ ಉಸಿರು ಬಿಗಿಹಿಡಿದು ಕಾಯುತ್ತೇನೆ. ನನ್ನ ತಲೆಯೊಳಗೇ ಇದ್ದಾನೆ, ಪಾಪಿ. ಒಂದೇ ಒಂದು ಸಲ ನನಗೂ ಕೇಳುವ ಹಾಗೆ ಮಾತಾಡಬಾರದೇ?