ಅಡ್ಜಸ್ಟ್ ಎಂಬ ನಾನು

ನಾನೊಂದು ಮಾತು. ಅಡ್ಜಸ್ಟ್ ಅಂತ ನನ್ನ ಹೆಸರು. ಹುಟ್ಟಿದ್ದು ನಿಮ್ಮ ಕಡೆಯಲ್ಲ, ಕಡಲಾಚೆ. ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ನನ್ನ ಅರ್ಥ ‘ಹತ್ತಿರಕ್ಕೆ ತರು’ ಎಂದಷ್ಟೇ. ಫ್ರೆಂಚರ ಬಾಯಲ್ಲಿ ಬೆಳೆದೆ, ಇಂಗ್ಲಿಷರ ಮನೆ ಸೇರಿದೆ. ಅಲ್ಲಿ ತಕ್ಕಡಿ, ಗಡಿಯಾರ, ಯಂತ್ರಗಳನ್ನು ಸರಿಹೊಂದಿಸುವ ಕೆಲಸ ಸಿಕ್ಕಿತು. ಮರ್ಯಾದೆಯ ಕೆಲಸ. ಸುಳ್ಳೇಕೆ, ಆಗ ಜಂಬವೂ ಇತ್ತು ನನಗೆ.

ಯಂತ್ರಗಳ ಜೊತೆ ಹಡಗು ಹತ್ತಿ ಬಂದು ದಾವಣಗೆರೆಯ ಒಂದು ಹತ್ತಿ ಗಿರಣಿಗೆ ಬಿದ್ದೆ. ಫಿಟ್ಟರ್ ಓಂಕಾರಪ್ಪ ನನ್ನನ್ನು ನಾಲಗೆಯ ಮೇಲಿಟ್ಟು ಸಾಕಿದ. ಯಂತ್ರದ ಚಕ್ರ ತಿರುಗಿಸುವ ಪಟ್ಟ ಸಡಿಲಾದರೆ ಆ ಕಡೆಯ ಬೋಲ್ಟು ಅರ್ಧ ಸುತ್ತು, ಈ ಕಡೆಯದು ಅರ್ಧ ಸುತ್ತು. “ಒಂದೇ ಕಡೀಗೆ ಬಿಗಿದ್ರೆ ಪಟ್ಟ ಹರೀತತಿ ನೋಡ್ರಲೇ!” ಎಂದು ಹೊಸಬರನ್ನು ಬೈಯುತ್ತಿದ್ದ. ಬುತ್ತಿ ತರುತ್ತಿದ್ದ ಮಗಳು ಹಾಲಮ್ಮ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹಾಲಮ್ಮನನ್ನು ಹರಿಹರಕ್ಕೆ ಮದುವೆ ಮಾಡಿ ಕೊಟ್ಟರು. ಗಂಡ ಹೊಡೆಯುವವನು. ಆರೇ ತಿಂಗಳಿಗೆ ಮುರಿದ ಕೈ ಕಟ್ಟಿಕೊಂಡು ತವರಿಗೆ ಬಂದಳು. ಮೂಳೆ ಕೂಡಿತು, ಕಟ್ಟು ಬಿಚ್ಚಿದರು. ಅವತ್ತು ಓಂಕಾರಪ್ಪ ನನ್ನನ್ನು ಗಿರಣಿಯಿಂದ ಮನೆಯೊಳಕ್ಕೆ ತಂದ.

“ಸ್ವಲ್ಪ ಅಡ್ಜಸ್ಟ್ ಮಾಡ್ಕ್ಯಂಡು ಹೋಗವ್ವ.”

ತಾಯಿ ಗೌರಮ್ಮ ಮೊರದಲ್ಲಿ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ತಂದಳು. ತವರಿನವರು ಉಡಿ ತುಂಬಿದರೆ ಹೆಣ್ಣು ಹೊರಡಲೇಬೇಕು. ಹಾಲಮ್ಮ ಸೆರಗು ಒಡ್ಡಲಿಲ್ಲ. ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು.

“ಅಪ್ಪಾ, ನನ್ನ ಕಡೀ ಬೋಲ್ಟು ನೀನು ತಿರುವ್ತಿ. ಆ ಕಡೀದು ಯಾರು ತಿರುವ್ತಾರೆ?”

“ಬಾಯಿ ಬಾಳ ಆಗೇತಿ ನಿಂಗೆ! ಮಷೀನೂ ಸಂಸಾರನೂ ಒಂದೇ ಏನೇ?”

“ಅವ್ವಾ, ಹೋದ್ರೆ ನಾ ಉಳಿಯಂಗಿಲ್ಲ. ನೀನಾದ್ರೂ ಹೇಳು.”

“ನಾನೂ ಅಡ್ಜಸ್ಟ್ ಮಾಡ್ಕ್ಯಂಡೇ ಇದೀನಲ್ಲೇ, ಇಷ್ಟು ವರ್ಷ,” ಎಂದ ಗೌರಮ್ಮ, ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಅಕ್ಕಿ ಸುರಿದಳು.

ದೀಪಾವಳಿಗೆ ಕರೆಯಲು ಹೋದ ಓಂಕಾರಪ್ಪ ಮಗಳ ಹೆಣ ತಂದ. ಸ್ಟೌ ಸಿಡಿಯಿತಂತೆ. ಹಾಗೆಂದು ಗಂಡನ ಮನೆಯವರು ಹೇಳಿದರು.

ಅವತ್ತಿನಿಂದ ಅವನು ನನ್ನನ್ನು ಆಡಿಲ್ಲ. ಒಬ್ಬ ಬಿಟ್ಟರೇನು, ಊರಿನ ಬಾಯಲ್ಲೆಲ್ಲ ನಾನಿದ್ದೇನೆ. ಗಿರಣಿ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು. ನನ್ನನ್ನು ಯಾವ ಗುಜರಿಯವನೂ ಒಯ್ಯುವುದಿಲ್ಲ.

ಮೊನ್ನೆ ತುಂಬಿದ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದು, “ಅಜ್ಜಾ, ಸ್ವಲ್ಪ ಅಡ್ಜಸ್ಟ್ ಮಾಡ್ಕ್ಯಳ್ರಿ,” ಅಂದಳು. ಓಂಕಾರಪ್ಪ ಸರಿದು ಕೂರಲಿಲ್ಲ. ಎದ್ದೇ ಬಿಟ್ಟ. “ಅಯ್ಯ, ಕೂತ್ಗಳ್ರಿ, ಜಾಗ ಐತಿ,” ಎಂದು ಅವಳು ಎಷ್ಟು ಹೇಳಿದರೂ ಕೇಳದೆ, ಇಳಿಯುವವರೆಗೂ ಕಂಬಿ ಹಿಡಿದು ನಿಂತೇ ಇದ್ದ.

ಹತ್ತಿರಕ್ಕೆ ತರಲೆಂದು ಹುಟ್ಟಿದ ಮಾತು ನಾನು. ಹಾಲಮ್ಮನನ್ನು ಎಷ್ಟು ದೂರ ಕಳಿಸಿಬಿಟ್ಟೆ.